ಕಬ್ಬಿನೊಳಗೆ ಜೀವಾಣು ಸೇರಿಸಿ ಯೂರಿಯಾ ಇಳಿಸಿದ ನನ್ನ ಅನುಭವ

ಮೂರು ವರ್ಷದ ಹಿಂದೆ ನಮ್ಮ ಕಬ್ಬು ಆಲೆಮನೆಗೆ ಹೋದಾಗ ಬೆಲ್ಲ ಸರಿಯಾಗಿ ಕಟ್ಟಲಿಲ್ಲ. ಪಾಕ ಇಳಿಸಿ ಅಚ್ಚಿಗೆ ಹುಯ್ದಿದ್ದಾಯಿತು. ಆರಿದ ಮೇಲೆ ನೋಡಿದರೆ ಒಳಗೆ ಇನ್ನೂ ಮೆತ್ತಗೆ. ಹೆಬ್ಬೆರಳಲ್ಲಿ ಒತ್ತಿದರೆ ಗುರುತು ಬೀಳುತ್ತಿತ್ತು. ಬಣ್ಣ ಬೇರೆ ಕಪ್ಪು. ಪಾಕ ನೋಡುವ ಹಿರಿಯರು ಒಂದು ಚೂರು ಬಾಯಿಗೆ ಹಾಕಿಕೊಂಡು, "ಯೂರಿಯಾ ಎಷ್ಟು ಮೂಟೆ ಸುರ್ದೆ ಮಗ?" ಅಂತ ಕೇಳಿದರು. ಎಕರೆಗೆ ಏಳು ಅಂದೆ. ಅವರು ತಲೆ ಆಡಿಸಿ ಮತ್ತೆ ಕೊಪ್ಪರಿಗೆ ಕಡೆ ತಿರುಗಿದರು. ಆ ಬೆಲ್ಲ ಅಚ್ಚು ಬೆಲ್ಲದ ರೇಟಿಗೆ ಹೋಗಲಿಲ್ಲ. ಬಕೆಟ್ ಬೆಲ್ಲ ಮಾಡಿ ಕಡಿಮೆಗೆ ಮಾರಿದೆ.

ಮನೆಗೆ ಬಂದು ಲೆಕ್ಕ ಹಾಕಿದೆ. ಕಬ್ಬಿಗೆ ಶಿಫಾರಸು ಇರುವುದು ಹೆಕ್ಟೇರಿಗೆ 250 ಕೆಜಿ ಸಾರಜನಕ. ಎಕರೆಗೆ 100 ಕೆಜಿ ಆಯಿತು. ಯೂರಿಯಾದಲ್ಲಿ ಶೇ. 46 ಸಾರಜನಕ. ಅಂದರೆ ಸುಮಾರು 217 ಕೆಜಿ ಯೂರಿಯಾ ಸಾಕು. 45 ಕೆಜಿ ಮೂಟೆ ಲೆಕ್ಕದಲ್ಲಿ ಐದು ಮೂಟೆಯೂ ಪೂರ್ತಿ ಬೇಕಿಲ್ಲ. ನಾನು ಏಳು ಹಾಕುತ್ತಿದ್ದೆ, ಅದರ ಮೇಲೆ ಸಾರಜನಕವೂ ರಂಜಕವೂ ಇರುವ ಡಿಎಪಿ ಗೊಬ್ಬರ. ಪಕ್ಕದ ಗದ್ದೆಯವರು ಹಾಕುತ್ತಾರೆ, ನಾನೂ ಹಾಕುತ್ತೇನೆ, ಅಷ್ಟೇ. ಗರಿ ಕಪ್ಪು ಹಸಿರು ಹೊಡೆದರೆ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ಅಲ್ವಾ? ಆದರೆ ಸಾರಜನಕ ಜಾಸ್ತಿಯಾದ ಕಬ್ಬಿನ ರಸದಲ್ಲಿ ಬೆಲ್ಲ ಗಟ್ಟಿಯಾಗಿ ಕಟ್ಟುವುದಿಲ್ಲ, ಬಣ್ಣವೂ ಬರುವುದಿಲ್ಲ. ಆಲೆಮನೆಯವರು ಇದನ್ನು ನಮಗಿಂತ ಮೊದಲಿಂದ ಬಲ್ಲರು.

ಯೂರಿಯಾ ಇಳಿಸಬೇಕು ಅಂತ ತೀರ್ಮಾನ ಮಾಡಿದೆ. ಹೇಗೆ ಅನ್ನುವುದು ಗೊತ್ತಿರಲಿಲ್ಲ. ನಮ್ಮ ಸೋದರತ್ತೆ ಮಗ ಕೃಷಿ ಓದುತ್ತಿದ್ದ. ಅವನೇ ಅಸಿಟೋಬ್ಯಾಕ್ಟರ್ ವಿಷಯ ತೆಗೆದವನು. "ಅಣ್ಣ, ಅಲಸಂದೆ ಬೇರಲ್ಲಿ ಗಂಟು ನೋಡಿದ್ದೀಯಲ್ಲ, ಕಬ್ಬಿಗೆ ಅಂಥ ಗಂಟು ಇಲ್ಲ. ಆದರೆ ಗಂಟಿಲ್ಲದೆ ಕಬ್ಬಿನ ಒಳಗೇ ಇರೋ ಜೀವಾಣು ಒಂದಿದೆ" ಅಂದ.

ಅಲಸಂದೆ ಗಂಟು ನನಗೆ ಚೆನ್ನಾಗಿ ಗೊತ್ತು. ಕಿತ್ತು ಉಗುರಲ್ಲಿ ಸೀಳಿದರೆ ಒಳಗೆ ನಸುಗೆಂಪು ಇರುತ್ತದೆ. ಕೆಂಪಿದ್ದರೆ ಗಂಟು ಕೆಲಸ ಮಾಡುತ್ತಿದೆ ಅಂತ ಅರ್ಥ. ಗಾಳಿಯ ನೂರು ಪಾಲಿನಲ್ಲಿ 78 ಪಾಲು ಸಾರಜನಕವೇ. ಆದರೆ ಗಿಡ ಅದನ್ನು ನೇರವಾಗಿ ತಿನ್ನಲಾರದು. ಗಂಟಿನೊಳಗಿನ ರೈಜೋಬಿಯಂ ಅನ್ನುವ ಜೀವಾಣು ಅದನ್ನು ಹಿಡಿದು ಅಮೋನಿಯಾ ಮಾಡಿ ಗಿಡಕ್ಕೆ ಕೊಡುತ್ತದೆ. ಕಬ್ಬಿನಲ್ಲೂ ಅಂಥ ಕೆಲಸ ನಡೆಯಬಹುದು ಅನ್ನುವುದು ನನಗೆ ಹೊಸ ಮಾತು.

ಇದನ್ನು ಕಂಡುಹಿಡಿದ ಕಥೆ ಕೇಳಿ ನನಗೆ ಬಹಳ ಖುಷಿಯಾಯಿತು. ಬ್ರೆಜಿಲ್‌ನಲ್ಲಿ ಜೊಹಾನಾ ಡೊಬರೈನರ್ ಅಂತ ಒಬ್ಬ ವಿಜ್ಞಾನಿ ಇದ್ದರು. ಹುಟ್ಟಿದ್ದು 1924ರಲ್ಲಿ, ಆಗಿನ ಚೆಕೊಸ್ಲೊವಾಕಿಯಾದಲ್ಲಿ. ಯುದ್ಧ ಮುಗಿದ ಮೇಲೆ ಬ್ರೆಜಿಲ್‌ಗೆ ಹೋಗಿ ನೆಲೆಸಿದರು. ರಿಯೊ ಡಿ ಜನೈರೊ ಹತ್ತಿರದ ಸೆರೊಪೆಡಿಕಾ ಅನ್ನುವ ಊರಲ್ಲಿ ಜೀವನಪೂರ್ತಿ ಇದೇ ಕೆಲಸ ಮಾಡಿದರು. ಅಲ್ಲಿನ ರೈತರು ಕಬ್ಬಿಗೆ ಹಾಕುತ್ತಿದ್ದ ಸಾರಜನಕ ಬಹಳ ಕಡಿಮೆ. ಬೆಳೆ ಹೊಲದಿಂದ ಎತ್ತಿಕೊಂಡು ಹೋಗುತ್ತಿದ್ದದ್ದು ಅದಕ್ಕಿಂತ ಜಾಸ್ತಿ. ಹಾಗಿದ್ದರೂ ವರ್ಷವರ್ಷ ಇಳುವರಿ ಬರುತ್ತಿತ್ತು. ಉಳಿದದ್ದು ಎಲ್ಲಿಂದ ಬರುತ್ತಿದೆ ಅಂತ ಅವರು ಹುಡುಕಿದರು. 1988ರಲ್ಲಿ ಕವಲ್‌ಕಾಂಟೆ ಅನ್ನುವವರ ಜೊತೆ ಸೇರಿ, ಕಬ್ಬಿನ ಬೇರು ಮತ್ತು ಜಲ್ಲೆಯ ಒಳಗಿಂದ ಈ ಜೀವಾಣುವನ್ನು ತೆಗೆದು ತೋರಿಸಿದರು. ಈಗ ಅದರ ಪೂರ್ತಿ ಹೆಸರು ಗ್ಲುಕೊನಾಸಿಟೊಬ್ಯಾಕ್ಟರ್ ಡಯಾಜೋಟ್ರೋಫಿಕಸ್. ಅಂಗಡಿಯಲ್ಲಿ ಸಿಗುವ ಪ್ಯಾಕೆಟ್ಟಿನ ಮೇಲೆ ಮಾತ್ರ ಹಳೆಯ ಹೆಸರೇ ಉಳಿದಿದೆ, ಅಸಿಟೋಬ್ಯಾಕ್ಟರ್ ಅಂತ.

ಇದಕ್ಕೆ ಸಿಹಿ ಅಂದರೆ ಪ್ರಾಣ. ನೂರಕ್ಕೆ ಹತ್ತು ಪಾಲು ಸಕ್ಕರೆ ಇರುವ ನೀರಲ್ಲಿ ಚೆನ್ನಾಗಿ ಬೆಳೆಯುತ್ತದೆ. ಬೇರೆ ಎಷ್ಟೋ ಜೀವಾಣು ತಾಳದಷ್ಟು ಹುಳಿಯನ್ನೂ ತಾಳುತ್ತದೆ. ಕಬ್ಬಿನ ರಸ ಅದಕ್ಕೆ ಹೇಳಿ ಮಾಡಿಸಿದ ಜಾಗ. ಪಕ್ಕಬೇರು ಒಡೆಯುವ ಕಡೆ ಸಣ್ಣ ಬಿರುಕು ಇರುತ್ತದಲ್ಲ, ಅಲ್ಲಿಂದ ಒಳಗೆ ನುಗ್ಗುತ್ತದೆ. ನಾಟಿಗೆ ನಾವು ಮಚ್ಚಲ್ಲಿ ಕಡಿದ ತುಂಡಿನ ಬಾಯಿಯೂ ಅದಕ್ಕೆ ತೆರೆದ ಬಾಗಿಲೇ. ಒಳಗೆ ಜೀವಕೋಶಗಳ ನಡುವಿನ ಸಂದಿಯಲ್ಲಿ ನೆಲೆಸುತ್ತದೆ. ಸಾರಜನಕ ಹಿಡಿಯುವ ಕಿಣ್ವಕ್ಕೆ ಆಮ್ಲಜನಕ ತಾಗಿದರೆ ಆಗುವುದಿಲ್ಲ, ಕೆಡುತ್ತದೆ. ಅದಕ್ಕೆ ಈ ಜೀವಾಣು ಲೋಳೆ ಹೊದ್ದುಕೊಂಡು, ಜೋರಾಗಿ ಉಸಿರಾಡಿ ಸುತ್ತಲಿನ ಆಮ್ಲಜನಕ ಖಾಲಿ ಮಾಡಿ, ಆ ಕೆಲಸ ನಡೆಸುತ್ತದೆ. ಆ ಉಸಿರಿಗೆ ಬೇಕಾದ ಸಕ್ಕರೆ ಕಬ್ಬಿನಲ್ಲೇ ಸಿಗುತ್ತದೆ.

ಇಷ್ಟು ಕೇಳಿ ನಾನು ಓಡಿಹೋಗಿ ಪ್ಯಾಕೆಟ್ ತಂದೆ. ಮೊದಲ ವರ್ಷ ಎಲ್ಲ ಹಾಳು ಮಾಡಿದೆ. ಬೇರೆಯವರು ಇದೇ ತಪ್ಪು ಮಾಡಬಾರದು ಅಂತ ಅದನ್ನೂ ಬರೆಯುತ್ತಿದ್ದೇನೆ.

ಪ್ಯಾಕೆಟ್ ತಂದು ಪಂಪ್‌ಸೆಟ್ ಮನೆಯಲ್ಲಿ ಇಟ್ಟೆ. ತಗಡಿನ ಸೂರು. ಎರಡು ವಾರ ಅಲ್ಲೇ ಬಿಸಿಲಿಗೆ ಬೆಂದಿತು. ನಾಟಿ ದಿನ ಕೆಂಪು ಕೊಳೆ ರೋಗದ ಔಷಧಿ, ಗೆದ್ದಲಿನ ಔಷಧಿ, ಈ ಜೀವಾಣು, ಮೂರನ್ನೂ ಒಂದೇ ಡ್ರಮ್ಮಿಗೆ ಸುರಿದೆ. ಕೆಲಸ ಬೇಗ ಮುಗಿಯಲಿ ಅಂತ. ಆಮೇಲೆ ಭಯಕ್ಕೆ ಯೂರಿಯಾನೂ ಏಳು ಮೂಟೆ ಹಾಕಿದೆ. ಫಲಿತಾಂಶ ಸೊನ್ನೆ. ನನಗೆ ಪ್ಯಾಕೆಟ್ ಮಾರಿದ ಅಂಗಡಿಯವರು ಇದು ಜೀವ ಇರುವ ವಸ್ತು ಅಂತ ಒಂದು ಮಾತೂ ಹೇಳಿರಲಿಲ್ಲ. ಕೇಳಬೇಕು ಅಂತ ನನಗೂ ಹೊಳೆಯಲಿಲ್ಲ.

ಯೂರಿಯಾ ವಿಷಯ ಎಲ್ಲಕ್ಕಿಂತ ದೊಡ್ಡದು. ಕಬ್ಬಿಗೆ ಸಾರಜನಕ ಗೊಬ್ಬರ ಜಾಸ್ತಿ ಸುರಿದರೆ ಒಳಗೆ ಈ ಜೀವಾಣುವಿನ ಸಂಖ್ಯೆಯೇ ಇಳಿಯುತ್ತದೆ. ಇದು ಹೊಲಗಳಲ್ಲಿ ಪರೀಕ್ಷೆ ಮಾಡಿ ಕಂಡ ಸಂಗತಿ. ಅಂದರೆ ಏಳು ಮೂಟೆ ಹಾಕಿಕೊಂಡು ಮೇಲೆ ಇದನ್ನೂ ಹಾಕುತ್ತೇನೆ ಅನ್ನುವುದು ಸುಮ್ನೆ ದುಡ್ಡು ದಂಡ.

ಎರಡನೇ ವರ್ಷ ಸರಿಯಾಗಿ ಮಾಡೋಣ ಅಂತ ಕೂತೆವು. ಒಂದು ಎಕರೆಯನ್ನು ಹತ್ತು ಹತ್ತು ಗುಂಟೆಯಂತೆ ನಾಲ್ಕು ಭಾಗ ಮಾಡಿದೆ. ಮೊದಲ ಭಾಗಕ್ಕೆ ಶಿಫಾರಸಿನ ಪೂರ್ತಿ ಯೂರಿಯಾ, ಅಂದರೆ 54 ಕೆಜಿ, ಜೀವಾಣು ಇಲ್ಲ. ಎರಡನೆಯದಕ್ಕೆ ಜೀವಾಣು ಮತ್ತು ಮುಕ್ಕಾಲು ಯೂರಿಯಾ, 41 ಕೆಜಿ. ಮೂರನೆಯದಕ್ಕೆ ಜೀವಾಣು ಮತ್ತು ಅರ್ಧ ಯೂರಿಯಾ, 27 ಕೆಜಿ. ನಾಲ್ಕನೇ ಭಾಗಕ್ಕೆ ಅದೇ 27 ಕೆಜಿ ಯೂರಿಯಾ, ಜೀವಾಣು ಇಲ್ಲ.

ಆ ನಾಲ್ಕನೇ ಭಾಗ ಬೇಡ ಅಂತ ನಾನು ಹಟ ಮಾಡಿದ್ದೆ. ಹತ್ತು ಗುಂಟೆ ಬೇಕಂತಲೇ ಸೊರಗಿಸುವುದು ಯಾವ ರೈತನಿಗೆ ಇಷ್ಟ ಆಗುತ್ತೆ ಹೇಳಿ. ಕೃಷಿ ಓದುವ ಆ ಹುಡುಗ ಬಿಡಲಿಲ್ಲ. "ಅಣ್ಣ, ನೀನು ಇಷ್ಟು ವರ್ಷ ಜಾಸ್ತಿ ಹಾಕಿದ್ದೀಯ. ಮಣ್ಣಲ್ಲೇ ಉಳಿದಿರಬಹುದು. ಅರ್ಧ ಯೂರಿಯಾಕ್ಕೆ ಬೆಳೆ ಬಂದರೆ ಅದು ಜೀವಾಣು ಮಾಡಿದ್ದೋ ಹಳೇ ಗೊಬ್ಬರ ಮಾಡಿದ್ದೋ ಹೇಗೆ ಹೇಳ್ತೀಯ?" ಅಂದ. ಸರಿ ಅನ್ನಿಸಿತು. ಯಾರಾದರೂ ಈ ಪ್ರಯೋಗ ಮಾಡುವುದಾದರೆ ಒಂದೆರಡು ಗುಂಟೆಯಾದರೂ ಹೀಗೆ ಬಿಡಿ. ಇಲ್ಲದಿದ್ದರೆ ಕೊನೆಗೆ ನಿಮಗೆ ಏನೂ ಗೊತ್ತಾಗುವುದಿಲ್ಲ.

ಈಗ ನಾಟಿಯ ವಿಷಯ. ತಳಿ ಸಿಒ 62175, ನಮ್ಮ ಮಂಡ್ಯ ಕಡೆ ಬೆಲ್ಲಕ್ಕೆ ಒಗ್ಗಿದ ಹಳೇ ತಳಿ. ಎಂಟು ತಿಂಗಳ ಬಿತ್ತನೆ ಕಬ್ಬು ಆರಿಸಿ, ಎರಡು ಕಣ್ಣಿನ ತುಂಡು ಮಾಡಿದೆವು. ಮಚ್ಚು ಮಸೆದು ಚೂಪಾಗಿ ಇಟ್ಟುಕೊಂಡೆವು, ತುಂಡಿನ ಬಾಯಿ ಸೀಳಬಾರದು. ಸೀಳಿದರೆ ಅಲ್ಲಿಂದ ಕೊಳೆ ರೋಗವೂ ಒಳಗೆ ಹೋಗುತ್ತದೆ. ಮೊದಲು ಶಿಲೀಂಧ್ರದ ಔಷಧಿಯಲ್ಲಿ ಅದ್ದಿ, ನೆರಳಲ್ಲಿ ಹರವಿ, ಒಂದು ರಾತ್ರಿ ಆರಲು ಬಿಟ್ಟೆ. ಮಾರನೇ ದಿನ ಬೆಳಿಗ್ಗೆ ಜೀವಾಣು.

ನಾನು ಇಟ್ಟುಕೊಂಡ ಲೆಕ್ಕ ಎಕರೆಗೆ 4 ಕೆಜಿ ಅಸಿಟೋಬ್ಯಾಕ್ಟರ್, ಅರ್ಧ ಕೆಜಿ ರಂಜಕ ಕರಗಿಸುವ ಜೀವಾಣು, 40 ಲೀಟರ್ ನೀರು. ಇಪ್ಪತ್ತು ಗುಂಟೆಗೆ ಇದರಲ್ಲಿ ಅರ್ಧ ಸಾಕಾಯಿತು. ನೀರು ಬೋರ್‌ವೆಲ್‌ದು. ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತದೆ, ಅದು ಬೇಡ. ಒಂದು ಹಿಡಿ ಬೆಲ್ಲ ಕರಗಿಸಿದೆ. ಔಷಧಿಯ ಡ್ರಮ್ ಮುಟ್ಟಲಿಲ್ಲ, ಹೊಸ ಟಬ್ ತಂದೆ. ತುಂಡುಗಳನ್ನು ಈರುಳ್ಳಿ ಬಲೆ ಚೀಲಕ್ಕೆ ತುಂಬಿ ಮುಳುಗಿಸಿದೆವು. ಚೀಲ ಮುಳುಗಿದ ಕೂಡಲೇ ಕಡಿದ ಬಾಯಿಂದ ಸಣ್ಣ ಸಣ್ಣ ಗುಳ್ಳೆ ಎದ್ದವು. ನಮ್ಮಮ್ಮ ಪಕ್ಕದಲ್ಲೇ ನಿಂತು, "ನೀರು ಕುಡೀತಾವಲ್ಲೋ" ಅಂದರು. ಗಾಳಿ ಹೊರಗೆ ಬಂದು ನೀರು ಒಳಗೆ ಹೋಗುತ್ತಿತ್ತು. ಅದರ ಜೊತೆಗೇ ಜೀವಾಣುವೂ ಹೋಗಲಿ ಅನ್ನುವುದು ನಮ್ಮ ಆಸೆ. ಅರ್ಧ ಗಂಟೆ ಬಿಟ್ಟು ಎತ್ತಿ, ನೀರು ಸೋರಿಸಿ, ಸೀದಾ ಸಾಲಿಗೆ. ಬಿಸಿಲೇರುವ ಮುಂಚೆ ಮಣ್ಣು ಮುಚ್ಚಿದೆವು. ಹತ್ತೂವರೆಗೆ ನಿಲ್ಲಿಸಿ, ಉಳಿದದ್ದನ್ನು ಸಂಜೆ ನಾಲ್ಕರ ಮೇಲೆ ಹಾಕಿದೆವು.

ನಲವತ್ತೈದನೇ ದಿನಕ್ಕೆ ಇನ್ನೊಂದು ಸಲ ಕೊಟ್ಟೆ. ಹಳೇ ಕೊಟ್ಟಿಗೆ ಗೊಬ್ಬರಕ್ಕೆ ಜೀವಾಣು ಬೆರೆಸಿ, ತೇವ ಮಾಡಿ, ಗೋಣಿ ಮುಚ್ಚಿ ಒಂದು ವಾರ ನೆರಳಲ್ಲಿಟ್ಟು, ಬುಡಕ್ಕೆ ಹಾಕಿ ನೀರು ಕಟ್ಟಿದೆ. ಯೂರಿಯಾ ಹಾಕಿದ ದಿನ ಇದನ್ನು ಹಾಕಲಿಲ್ಲ. ಎರಡರ ನಡುವೆ ಹತ್ತು ದಿನ ಬಿಟ್ಟೆ.

ಮೊದಲ ವ್ಯತ್ಯಾಸ ಕಂಡದ್ದು ಬೇರಲ್ಲಿ. ಮೂವತ್ತೈದನೇ ದಿನ ಒಂದೊಂದು ಭಾಗದಲ್ಲಿ ಎರಡೆರಡು ಗಿಡ ಅಗೆದು, ಬಕೆಟ್ ನೀರಲ್ಲಿ ಅಲ್ಲಾಡಿಸಿ ಮಣ್ಣು ತೊಳೆದು, ಬಿಳಿ ಪಂಚೆ ಮೇಲೆ ಸಾಲಾಗಿ ಇಟ್ಟೆವು. ಜೀವಾಣು ಕೊಟ್ಟ ಗಿಡದ ಬೇರು ದಟ್ಟವಾಗಿತ್ತು. ದಪ್ಪ ಬೇರಿನ ಮೇಲೆ ಕೂದಲಿನಂಥ ಬಿಳಿ ಬೇರು ಗಿಜಿಗಿಜಿ. ಕೊಡದ ಗಿಡದಲ್ಲಿ ಉದ್ದ ಬೇರು ಇತ್ತು, ಕವಲು ಕಡಿಮೆ. ಆ ಹೊತ್ತಿಗೆ ಸಾರಜನಕದ ಕೆಲಸ ಇನ್ನೂ ಶುರುವೇ ಆಗಿರಲಿಕ್ಕಿಲ್ಲ. ಈ ಜೀವಾಣು ಬೇರು ಬೆಳೆಸುವ ಹಾರ್ಮೋನನ್ನೂ ತಯಾರು ಮಾಡುತ್ತದೆ, ಇದು ಅದರ ಗುಣ. ನನ್ನ ಪ್ರಕಾರ ನಮ್ಮ ಹೊಲದಲ್ಲಿ ಸಿಕ್ಕ ಲಾಭದಲ್ಲಿ ಈ ಬೇರಿನ ಪಾಲು ಚಿಕ್ಕದಲ್ಲ. ಬೇರು ಜಾಸ್ತಿ ಇದ್ದರೆ ಹಾಕಿದ ಯೂರಿಯಾನೂ ನಾಲೆ ನೀರಿಗೆ ಕೊಚ್ಚಿ ಹೋಗದೆ ಗಿಡಕ್ಕೇ ಸಿಗುತ್ತದೆ.

ಕಷ್ಟದ ದಿನ ಬಂದದ್ದು ಮೂರನೇ ತಿಂಗಳಲ್ಲಿ. ಅರ್ಧ ಯೂರಿಯಾ ಭಾಗಗಳು ಪಕ್ಕದ ಗದ್ದೆಯ ಮುಂದೆ ಪೇಲವವಾಗಿ ಕಾಣತೊಡಗಿದವು. ಹಳದಿ ಅಲ್ಲ, ತಿಳಿ ಹಸಿರು. ದೊಡ್ಡಪ್ಪ ಬದುವಿನ ಮೇಲೆ ನಿಂತು, "ಯಾಕ್ಲಾ ಮಗ, ಕಬ್ಬು ಹಿಂಗೆ ಬೆಳ್ಳಗಾಗದೆ? ಗೊಬ್ಬರ ತರಾಕೆ ಕಾಸಿಲ್ವಾ? ಬೇಕಾದ್ರೆ ನಾ ಕೊಡ್ತೀನಿ" ಅಂದರು. ಅವರು ಪ್ರೀತಿಯಿಂದಲೇ ಹೇಳಿದ್ದು. ಆ ರಾತ್ರಿ ನಿದ್ದೆ ಬರಲಿಲ್ಲ. ಎರಡು ಮೂಟೆ ಮನೆಯಲ್ಲೇ ಇತ್ತು. ಬೆಳಿಗ್ಗೆ ಎದ್ದು ಹಾಕಿಬಿಡೋಣ ಅಂತ ಹೊರಟೆ ಕೂಡ. ಗದ್ದೆಗೆ ಹೋಗಿ ಮೂರನೇ ಭಾಗ ಮತ್ತು ನಾಲ್ಕನೇ ಭಾಗದ ನಡುವಿನ ಕಾಲುವೆಯಲ್ಲಿ ನಿಂತೆ. ಎರಡಕ್ಕೂ ಅದೇ ಯೂರಿಯಾ. ಎಡಗಡೆ ತೆಂಡೆ, ಅಂದರೆ ಬುಡದಿಂದ ಒಡೆದ ಮರಿ, ಎಣಿಸಿದೆ, ಬಲಗಡೆ ಎಣಿಸಿದೆ. ಹತ್ತು ಗುಣಿ ನೋಡಿದೆ. ಜೀವಾಣು ಕೊಟ್ಟ ಕಡೆ ಗುಣಿಗೆ ಒಂದೆರಡು ತೆಂಡೆ ಜಾಸ್ತಿ ಇತ್ತು, ಕಾಂಡವೂ ದಪ್ಪ. ಮೂಟೆ ವಾಪಸ್ ಮನೆಗೆ ತಂದೆ. ಮುಂಗಾರು ಹಿಡಿದ ಮೇಲೆ ಮೂರನೇ ಭಾಗದ ಬಣ್ಣ ತಾನಾಗೇ ಏರಿತು. ನಾಲ್ಕನೆಯದು ಹಾಗೇ ಉಳಿಯಿತು.

ಒಳಗೆ ಜೀವಾಣು ನಿಜವಾಗಿ ಇದೆಯಾ ಅಂತ ನನಗೆ ಕಣ್ಣಾರೆ ನೋಡುವ ಆಸೆ. ಆರನೇ ತಿಂಗಳಲ್ಲಿ ಎರಡು ಜಲ್ಲೆ ಕಡಿದು ಹುಡುಗನ ಕಾಲೇಜಿನ ಲ್ಯಾಬಿಗೆ ತೆಗೆದುಕೊಂಡು ಹೋದೆವು. ಜಲ್ಲೆಯ ಹೊರಮೈಯನ್ನು ಸ್ಪಿರಿಟ್, ಬ್ಲೀಚಿಂಗ್ ನೀರು ಎಲ್ಲ ಹಾಕಿ ತೊಳೆದರು, ಹೊರಗಿನದ್ದು ಯಾವುದೂ ಉಳಿಯಬಾರದು ಅಂತ. ಸಿಪ್ಪೆ ಹೆರೆದು ಒಳಗಿನ ತಿರುಳನ್ನು ಜಜ್ಜಿ, ರಸ ತೆಗೆದು, ಸಣ್ಣ ಶೀಷೆಗಳಿಗೆ ಒಂದೊಂದು ತೊಟ್ಟು ಬಿಟ್ಟರು. ಶೀಷೆಯಲ್ಲಿ ಇದ್ದದ್ದು ತೆಳು ಜೆಲ್ಲಿ ತರಹದ ಸಕ್ಕರೆ ಪಾನಕ. ಅದರಲ್ಲಿ ಸಾರಜನಕ ಒಂಚೂರೂ ಹಾಕಿರುವುದಿಲ್ಲ. ಗಾಳಿಯಿಂದ ಹಿಡಿದುಕೊಳ್ಳಬಲ್ಲ ಜೀವಾಣು ಮಾತ್ರ ಅಲ್ಲಿ ಚೆನ್ನಾಗಿ ಬೆಳೆಯಬಲ್ಲದು. ವಾರ ಬಿಟ್ಟು ಹುಡುಗ ಫೋಟೊ ಕಳಿಸಿದ. ಆ ಪಾನಕದ ಮೇಲೆ ಹಾಲಿನ ಕೆನೆಯ ಹಾಗೆ ಒಂದು ಪದರ ಕಟ್ಟಿತ್ತು, ಕಿತ್ತಳೆ ಬೆರೆತ ಹಳದಿ ಬಣ್ಣ. ನಾನು ಆ ಫೋಟೊವನ್ನು ನಮ್ಮಮ್ಮನಿಗೂ ದೊಡ್ಡಪ್ಪನಿಗೂ ತೋರಿಸಿದೆ. ನನ್ನ ಕಬ್ಬಿನ ಹೊಟ್ಟೆಯೊಳಗೆ ಇದ್ದ ಜೀವ ಅದು. ಇಷ್ಟು ವರ್ಷ ಕಬ್ಬು ಬೆಳೆದರೂ ಅಂಥದ್ದೊಂದು ಅಲ್ಲಿರಬಹುದು ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಒಂದು ಮಾತು ಇಲ್ಲಿ ಹೇಳಬೇಕು. ಜೀವಾಣು ಕೊಡದ ಭಾಗದ ಜಲ್ಲೆಯಲ್ಲೂ ತೆಳುವಾಗಿ ಅದೇ ತರಹದ ಪದರ ಬಂದಿತ್ತು. ಕಬ್ಬಿನ ಒಳಗೆ ಇದು ಮೊದಲಿಂದ ಸ್ವಲ್ಪ ಇರಬಹುದು. ತುಂಡಿನ ಮೂಲಕ ಒಂದು ಬೆಳೆಯಿಂದ ಇನ್ನೊಂದಕ್ಕೆ ದಾಟುತ್ತದೆ. ನಾವು ಹೊಸದಾಗಿ ತಂದು ಹಾಕಿದ್ದು ಮೊದಲೇ ಇದ್ದದ್ದನ್ನು ಹೆಚ್ಚು ಮಾಡಿತು ಅಂದುಕೊಂಡರೆ ಸರಿ.

ಹನ್ನೆರಡನೇ ತಿಂಗಳಿಗೆ ಕಡಿದು, ಭಾಗ ಭಾಗವಾಗಿ ಟ್ರ್ಯಾಕ್ಟರಿಗೆ ಹೇರಿ ವೇಬ್ರಿಜ್‌ಗೆ ಹಾಕಿದೆ. ಪೂರ್ತಿ ಯೂರಿಯಾ ಭಾಗವೂ, ಜೀವಾಣು ಮತ್ತು ಮುಕ್ಕಾಲು ಯೂರಿಯಾ ಭಾಗವೂ ಸರಿಸಮ, ಹನ್ನೆರಡು ಟನ್ ಹತ್ತಿರ. ಜೀವಾಣು ಮತ್ತು ಅರ್ಧ ಯೂರಿಯಾ ಭಾಗ ಅದಕ್ಕಿಂತ ಅರ್ಧ ಟನ್ ಚಿಲ್ಲರೆ ಕಡಿಮೆ ಬಂತು. ಜೀವಾಣು ಇಲ್ಲದ ಅರ್ಧ ಯೂರಿಯಾ ಭಾಗ ಎರಡು ಟನ್ ಕಡಿಮೆ. ಇದು ಒಂದು ಗದ್ದೆಯ, ಒಂದು ವರ್ಷದ ಲೆಕ್ಕ. ನಿಮ್ಮ ಮಣ್ಣಲ್ಲಿ ಬೇರೆ ಬರಬಹುದು. ಬ್ರೆಜಿಲ್‌ನ ಕೆಲವು ತಳಿಗಳಲ್ಲಿ ಕಬ್ಬಿನ ಸಾರಜನಕದ ಅರ್ಧಕ್ಕಿಂತ ಜಾಸ್ತಿ ಗಾಳಿಯಿಂದ ಬಂದದ್ದನ್ನು ಅಳೆದಿದ್ದಾರೆ, ಬೇರೆ ದೇಶಗಳಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ಬಂದದ್ದೂ ಇದೆ. ತಳಿ, ನೀರು, ಮಣ್ಣಿನ ಪೋಷಕಾಂಶ ಎಲ್ಲದರ ಮೇಲೂ ಅದು ನಿಂತಿದೆ. ಸಾರಜನಕ ಹಿಡಿಯುವ ಆ ಕಿಣ್ವಕ್ಕೆ ಕಬ್ಬಿಣವೂ ಮಾಲಿಬ್ಡಿನಮ್ಮೂ ಬೇಕು. ಕೊಟ್ಟಿಗೆ ಗೊಬ್ಬರ ಕಾಣದ ಗದ್ದೆಯಲ್ಲಿ ಬರೀ ಪ್ಯಾಕೆಟ್ ನಂಬಿಕೊಂಡರೆ ಆಗುವುದಿಲ್ಲ. ಶಿಫಾರಸಿನ ಅರ್ಧಕ್ಕೆ ಒಂದೇ ಸಲ ಇಳಿಯಿರಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಮೊದಲ ವರ್ಷ ಮುಕ್ಕಾಲಿಗೆ ಇಳಿಸಿ. ಏಳು ಮೂಟೆ ಹಾಕುತ್ತಿದ್ದ ನನಗೆ ಆ ಮುಕ್ಕಾಲು ಅಂದರೆ ನಾಲ್ಕು ಮೂಟೆಗೂ ಕಡಿಮೆ.

ಕಡಿದ ಬುಡದಿಂದ ಮತ್ತೆ ಚಿಗುರುವ ಕೂಳೆ ಬೆಳೆಗೆ ಏನು ಮಾಡಿದೆ ಅಂತ ಕೆಲವರು ಕೇಳುತ್ತಾರೆ. ತರಗು ಸುಡಲಿಲ್ಲ. ಬುಡ ಸವರಿದ ದಿನವೇ ಸಂಜೆ, ಕಡಿದ ಬಾಯಿ ಹಸಿ ಇರುವಾಗ, ಜೀವಾಣು ನೀರನ್ನು ರೋಜ್ ಕ್ಯಾನಿನಲ್ಲಿ ಬುಡಕ್ಕೆ ಹುಯ್ದೆ. ಈಗ ಕೂಳೆ ನಾಲ್ಕು ತಿಂಗಳದು, ನಾಟಿ ಕಬ್ಬಿನಷ್ಟೇ ತೆಂಡೆ ಒಡೆದಿದೆ. ಎರಡನೇ ಭಾಗದಲ್ಲಿ ಐದು ಗುಂಟೆಯನ್ನು ಬಿತ್ತನೆಗೆ ಅಂತಲೇ ಮೀಸಲಿಟ್ಟಿದ್ದೇನೆ. ಒಳಗೆ ಜೀವಾಣು ತುಂಬಿದ ಕಬ್ಬಿನ ತುಂಡು ಹಾಕಿದರೆ ಮುಂದಿನ ಬೆಳೆಗೆ ಅದು ಬಳುವಳಿಯಾಗಿ ಹೋಗುತ್ತದೆ ಅನ್ನುವ ಲೆಕ್ಕ.

ಇನ್ನೊಂದು ವಿಷಯ ನನ್ನ ತಲೆಯಲ್ಲಿ ಕೊರೆಯುತ್ತಿದೆ. 1999ರಲ್ಲಿ ನಮ್ಮ ದೇಶದ ಸಂಶೋಧಕರು ಇದೇ ಜೀವಾಣುವನ್ನು ರಾಗಿ ಗಿಡದ ಒಳಗೂ ಕಂಡು ಬರೆದಿದ್ದಾರೆ. ರಾಗಿ! ನಮ್ಮ ಮನೆ ಮುದ್ದೆಯ ರಾಗಿ. ಈ ಮಳೆಗಾಲಕ್ಕೆ ಮೇಲಿನ ಹೊಲದಲ್ಲಿ ರಾಗಿ ಪೈರಿನ ಬೇರನ್ನು ಇದರಲ್ಲಿ ಅದ್ದಿ ಐದು ಗುಂಟೆ ನಾಟಿ ಮಾಡಬೇಕು, ಪಕ್ಕದಲ್ಲಿ ಐದು ಗುಂಟೆ ಅದ್ದದೆ. ಬಲೆ ಚೀಲ, ಟಬ್ ಎರಡೂ ತೊಳೆದು ಅಟ್ಟದ ಮೇಲೆ ಇಟ್ಟಿದ್ದೇನೆ.

ಆ ವರ್ಷದ ಕಬ್ಬು ಅದೇ ಆಲೆಮನೆಗೆ ಹೋಯಿತು. ಜೀವಾಣು ಭಾಗಗಳ ಕಬ್ಬನ್ನು ಬೇರೆ ಅರೆಸಿದೆ. ಕೊಪ್ಪರಿಗೆ ಇಳಿಸಿ ಪಾಕ ತಿರುವುವಾಗಲೇ ಅಂಚಿನಲ್ಲಿ ಬಂಗಾರದ ಬಣ್ಣ ಕಟ್ಟಿಕೊಳ್ಳುತ್ತಿತ್ತು. ಅಚ್ಚು ಬಿಡಿಸಿದಾಗ ಅಂಚು ಮುರಿಯದೆ ಎದ್ದುಬಂತು. ಅದೇ ಹಿರಿಯರು ಒಂದು ಅಚ್ಚು ಎತ್ತಿ ಇನ್ನೊಂದಕ್ಕೆ ತಟ್ಟಿ ನೋಡಿದರು. ಟಕ್ ಅಂತ ಶಬ್ದ ಬಂತು. "ಈ ಸಲ ಎಷ್ಟು ಮೂಟೆ ಹಾಕ್ದೆ?" ಅಂದರು.